‘ಇರಲಿ’ಯ ಮುಂದಿನ ಸಾಲು

ಫೆಬ್ರವರಿ ೯

ಪೂಜ್ಯ ಮೇಷ್ಟ್ರಿಗೆ ನಮಸ್ಕಾರಗಳು.

ವರ್ಷಕ್ಕೊಮ್ಮೆ ಮಾತ್ರ ಕಾಗದ ಬರೆಯುವವಳು ಇಷ್ಟು ಬೇಗ ಮತ್ತೊಂದು ಬರೆದಿದ್ದಾಳೆಂದರೆ ಏನೋ ಕೆಲಸವಿರಬೇಕೆಂದು ಅಮ್ಮನವರು ಈಗಾಗಲೇ ಹೇಳಿರುತ್ತಾರೆ. ಅವರ ಊಹೆ ಸರಿಯಾಗಿದೆ.

ನಿಮ್ಮ ಪದಪ್ರಯೋಗ ಕೋಶಕ್ಕೆ ಎರಡು ವರ್ಷ ಕಾರ್ಡು ಬರೆದು, ಆಮೇಲೆ ಮಾತಿನ ಚಿಕಿತ್ಸೆ ಕಲಿಯಲು ಹೊರಟಾಗ ನೀವು ಬೇಡವೆನ್ನಲಿಲ್ಲ. “ಹೋಗು, ಆದರೆ ಅಕ್ಷರ ಕೆಡಿಸ್ಕೋಬೇಡ” ಎಂದಷ್ಟೇ ಹೇಳಿದಿರಿ. ಅಕ್ಷರ ಕೆಟ್ಟಿಲ್ಲ. ಈಗ ಈ ಆಸ್ಪತ್ರೆಯಲ್ಲಿ ನನಗೊಂದು ಕೋಣೆ ಕೊಟ್ಟಿದ್ದಾರೆ. ಒಂದು ಕನ್ನಡಿ, ಎರಡು ಕುರ್ಚಿ, ಚಿತ್ರಗಳ ಒಂದು ಕಟ್ಟು. ಕಿಟಕಿಯ ಕೆಳಗೆ ನೌಕರರ ಸೈಕಲ್ ಸ್ಟ್ಯಾಂಡ್.

ಆ ಕಿಟಕಿಯನ್ನು ಹೇಳಲು ಕಾರಣವಿದೆ. ನನ್ನ ಬಳಿ ಬರುವ ಹಿರಿಯರೊಬ್ಬರು ಬಂದಾಗಲೆಲ್ಲ ಅಲ್ಲೇ ನೋಡುತ್ತ ಕೂರುತ್ತಾರೆ. ಬದುಕಿಡೀ ಸೈಕಲ್ ರಿಪೇರಿ ಅಂಗಡಿ ನಡೆಸಿದವರು. ವಾರ್ಡಿನಲ್ಲಿ ಎಲ್ಲರೂ ಅವರನ್ನು ಯಜಮಾನರೆಂದೇ ಕರೆಯುತ್ತಾರೆ. ಮೆದುಳಿಗೆ ಪೆಟ್ಟಾಗಿ ಬಲಗೈ ಸೋತಿದೆ, ಮಾತು ಹೋಗಿದೆ. ನಾವು ಹೇಳಿದ್ದೆಲ್ಲ ಅವರಿಗೆ ತಿಳಿಯುತ್ತದೆ. ಅವರ ಬಾಯಲ್ಲಿ ಉಳಿದಿರುವುದು ಮಾತ್ರ ಒಂದೇ ಪದ: ‘ಇರಲಿ’.

“ತಾತ, ಸೂಜಿ ಚುಚ್ಚಲಾ?” ಎಂದರೆ “ಇರಲಿ.” “ಹಾಗಾದ್ರೆ ಬೇಡ್ವಾ?” ಎಂದರೂ “ಇರಲಿ.” ನಮ್ಮ ನರ್ಸಮ್ಮ ನಗುತ್ತಾರೆ, “ಇಷ್ಟು ಹೊಂದ್ಕೊಂಡು ಹೋಗೋ ಗಂಡಸನ್ನ ನಾನು ಕಂಡೇ ಇಲ್ಲ” ಎಂದು. ಹೀಗೆ ಉಳಿದುಹೋದ ಒಂಟಿ ಪದ ಬಿಕ್ಕಳಿಕೆಯಂಥದ್ದು, ಅದನ್ನು ಮಾತೆಂದು ಗಣಿಸಬಾರದೆಂದು ನಮಗೆ ಕಲಿಸಿದ್ದಾರೆ.

ಅವರಿಗೆ ಒಬ್ಬಳೇ ಮಗಳು, ಬಸ್ ನಿಲ್ದಾಣದಲ್ಲಿ ಟಿಕೆಟ್ ಕೌಂಟರಿನಲ್ಲಿದ್ದಾಳೆ. ತಾಯಿ ತೀರಿಕೊಂಡ ಮೇಲೆ ಅವಳು ಓದಿಗೆಂದು ಹಾಸ್ಟೆಲ್ಲಿನಲ್ಲಿದ್ದಾಗ ಅಪ್ಪ ವಾರವಾರವೂ ಬರೆದ ಕಾಗದಗಳು ಅವಳ ಬಳಿ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿವೆ. ಅದನ್ನು ನನಗೆ ತಂದುಕೊಟ್ಟಿದ್ದಾಳೆ. ನಮ್ಮ ಆಸ್ಪತ್ರೆಯ ಚಿತ್ರಗಳಲ್ಲಿ ಸಿಂಹವಿದೆ, ಹಡಗಿದೆ, ಕಿರೀಟವಿದೆ. ಪಂಕ್ಚರ್ ಹಾಕಿ ಬದುಕಿದವರಿಗೆ ಕಿರೀಟದಿಂದ ಏನಾಗಬೇಕು? ಆ ಕಾಗದಗಳಿಗೆ ನಮ್ಮ ಕ್ರಮದಲ್ಲೇ ಒಂದು ಪದಪ್ರಯೋಗ ಕೋಶ ಮಾಡಿದರೆ, ಅವರು ನಿಜವಾಗಿ ಬಳಸಿದ ಪದಗಳು ಯಾವುವು, ಯಾವ ಪದ ಯಾವುದರ ಜೊತೆಯಲ್ಲಿ ಬರುತ್ತಿತ್ತು ಎಂಬುದು ತಿಳಿಯುತ್ತದೆ. ಆ ಜೊತೆಗಾರರನ್ನು ಮುಂದಿಟ್ಟು ಕಳೆದುಹೋದ ಪದವನ್ನು ಕರೆಯಬಹುದೇನೋ.

ಏಪ್ರಿಲ್ ಕೊನೆಯವರೆಗೆ ಕಾಲಾವಕಾಶವಿದೆ. ಅಷ್ಟರೊಳಗೆ ಇನ್ನೊಂದು ಪದವೂ ಬರದಿದ್ದರೆ ಅವರ ಸಮಯವನ್ನು ಕಾಯುತ್ತಿರುವ ಬೇರೊಬ್ಬರಿಗೆ ಕೊಡಬೇಕೆಂದು ನಮ್ಮ ಮುಖ್ಯಸ್ಥೆ ಹೇಳಿದ್ದಾರೆ. ಆಮೇಲೆ ಅವರು ಆ ಒಂದೇ ಪದದೊಂದಿಗೆ ಮನೆಗೆ ಹೋಗಬೇಕು.

ನಾವು ಮಾಡಿದ್ದು ಕಾವ್ಯಕ್ಕೆ, ಅಲ್ಲಿ ಸಾಲುಗಳಿದ್ದವು. ಕಾಗದಗಳಿಗೆ ಹೇಗೆ ಮಾಡಲಿ? ತಿಳಿಸಬೇಕಾಗಿ ಪ್ರಾರ್ಥನೆ.

ನಿಮ್ಮ
ಪುಟ್ಟಕ್ಷರ


ಫೆಬ್ರವರಿ ೨೦

ಪ್ರಿಯ ಪುಟ್ಟಕ್ಷರಕ್ಕೆ,

ನಿನ್ನ ಕಾಗದವನ್ನು ಇವಳು ಭೂತಗನ್ನಡಿ ಹಿಡಿದು ನನಗೆ ಓದಿ ಹೇಳಿದಳು. “ಸಾಸಿವೆ ಕಾಳಿನಲ್ಲಿ ಬರೀತಾಳೆ. ಕಾಗದ ಉಳಿಸು ಅಂತ ಇವಳಿಗೆ ಹೇಳಿದೋರು ಯಾರು?” ಎಂದು ಗೊಣಗುತ್ತಲೇ ಮತ್ತೊಮ್ಮೆ ಓದಿದಳು. ನಾನು ಕೇಳಿರಲಿಲ್ಲ, ಅವಳಾಗಿಯೇ.

ಮಗೂ, ನನಗೆ ಆದ ಸಂತೋಷವನ್ನು ಹೇಗೆ ತಿಳಿಸಲಿ? ಪದಪ್ರಯೋಗ ಕೋಶವೆಂದರೆ ವಿದ್ವಾಂಸರು ಅಡಿಟಿಪ್ಪಣಿಗೆ ಹುಡುಕುವ ದಪ್ಪ ಪುಸ್ತಕವೆಂದು ಜನ ತಿಳಿದಿದ್ದಾರೆ. ಒಂದು ಪದವನ್ನು ಅದು ಬಂದ ಕಡೆಯೆಲ್ಲ ಹುಡುಕಿ, ಆ ಸಾಲುಗಳನ್ನು ಒಂದೇ ಕಡೆ ನಿಲ್ಲಿಸಿದರೆ ಬರೆದವನಿಗೇ ಗೊತ್ತಿಲ್ಲದ ಅವನ ನಡಿಗೆ ಕಾಣುತ್ತದೆ. ನೀನೇ ಕಂಡುಹಿಡಿದದ್ದು ನೆನಪಿದೆಯೇ? ನಮ್ಮ ಹಳೆಯ ಕವಿಯ ಕಾವ್ಯದಲ್ಲಿ ದೀಪ ಎಲ್ಲಿಯೂ ಒಂದು ಕಡೆ ಕುಳಿತು ಉರಿಯುವುದಿಲ್ಲ. ಪ್ರತಿಸಲವೂ ಯಾರದೋ ಕೈಯಲ್ಲಿ ಎಲ್ಲಿಗೋ ಹೊರಟಿರುತ್ತದೆ. ಪುಸ್ತಕವನ್ನು ಎಷ್ಟೋ ಸಲ ಓದಿದ್ದ ನನಗೆ ಅದು ಕಂಡಿರಲಿಲ್ಲ. ಕಾರ್ಡುಗಳನ್ನು ಮೇಜಿನ ಮೇಲೆ ಹರಡಿಕೊಂಡ ನಿನಗೆ ಕಂಡಿತು.

ಈಗ ವಿಧಾನ. ಗದ್ಯದಲ್ಲಿ ಸಾಲಿಲ್ಲ, ಆದ್ದರಿಂದ ಪೂರ್ಣವಿರಾಮದಿಂದ ಪೂರ್ಣವಿರಾಮದವರೆಗೆ ತೆಗೆದುಕೊ. ಕಾರ್ಡಿನ ತಲೆಯಲ್ಲಿ ಪದ, ಕೆಳಗೆ ಇಡೀ ವಾಕ್ಯ, ಬಲಮೂಲೆಯಲ್ಲಿ ಕಾಗದದ ತಾರೀಖು. ಅದಕ್ಕಿಂತ ಹೆಚ್ಚು ಬರೆದರೆ ಕಣ್ಣು ಚದುರುತ್ತದೆ. ಎರಡನೆಯದಾಗಿ, ಸಣ್ಣ ಪದಗಳನ್ನು ಬಿಡು. ನಮ್ಮ ಮರದ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದ್ದ ‘ಬಿಡತಕ್ಕವು’ ಪಟ್ಟಿ ನೆನಪಿರಬೇಕು: ನಾನು, ನೀನು, ಆದರೆ, ಆಮೇಲೆ, ಇದೆ, ಇಲ್ಲ, ಇರಲಿ ಮುಂತಾದವು. ಅವು ಎಲ್ಲರ ಬಾಯಲ್ಲೂ ಬರುವಂಥವು. ಒಬ್ಬ ಮನುಷ್ಯನನ್ನು ಇನ್ನೊಬ್ಬನಿಂದ ಬೇರೆ ಮಾಡಿ ತೋರಿಸುವುದಿಲ್ಲ. ತೂಕವಿರುವ ಪದಗಳನ್ನು ಹಿಡಿ. ನಿನ್ನ ಯಜಮಾನರ ಪ್ರಪಂಚ ಅವುಗಳಲ್ಲಿದೆ.

ಕಾರ್ಡು ಅಲ್ಲಿ ಸಿಗದಿದ್ದರೆ ಹೇಳು, ಕಳಿಸುತ್ತೇನೆ. ನಾನು ಚೆನ್ನಾಗಿದ್ದೇನೆ. ಮೊದಲ ಸಂಪುಟ ಅಚ್ಚಿನ ಮನೆಯಲ್ಲಿದೆ.

ಆಶೀರ್ವಾದಗಳೊಂದಿಗೆ,
ನಿನ್ನ ಮೇಷ್ಟ್ರು


ಮಾರ್ಚ್ ೧೫

ಪೂಜ್ಯ ಮೇಷ್ಟ್ರಿಗೆ,

ಕಾರ್ಡುಗಳು ತಲುಪಿದವು. ಜೊತೆಗೆ ಅಮ್ಮನವರು ಕಳಿಸಿದ ದಪ್ಪ ನಿಬ್ಬಿನ ಪೆನ್ನೂ ತಲುಪಿತು. ಅದರ ಇಂಗಿತ ಅರ್ಥವಾಯಿತು.

ನೀವು ಹೇಳಿದ ಕ್ರಮದಲ್ಲೇ ಮುಗಿಸಿದ್ದೇನೆ. ನಮ್ಮ ಕಂಪ್ಯೂಟರ್ ಕೋಣೆಯ ತರುಣ, “ಟೈಪ್ ಮಾಡಿ ಕೊಡಿ ಮೇಡಂ, ಕಣ್ಣು ಮಿಟುಕಿಸೋದ್ರಲ್ಲಿ ಜೋಡಿಸಿ ಕೊಡ್ತೀನಿ” ಎಂದ. ಕೊಡುತ್ತಾನೆ, ಅನುಮಾನವಿಲ್ಲ. ಆದರೆ ಮಳೆಯಲ್ಲಿ ನೆಂದು ಮಸಿ ಹರಡಿದ ಆ ಕೈಬರಹವನ್ನು ಮೊದಲು ಒಬ್ಬರು ಕುಳಿತು ಓದಲೇಬೇಕಲ್ಲ. ಪಂಪು, ಟ್ಯೂಬು, ಬೆಲ್ಲು, ರಸ್ತೆ, ಮಂಡಿ, ಸುಸ್ತು. ಯಜಮಾನರ ಪ್ರಪಂಚ ಅಕಾರಾದಿಯಾಗಿ ನನ್ನ ಮೇಜಿನ ಮೇಲಿದೆ.

ಪದಗಳು ಮಾತ್ರ ಬರುತ್ತಿಲ್ಲ.

ಅವರ ಅಂಗಡಿಯಿಂದಲೇ ಒಂದು ಬೆಲ್ಲು ತರಿಸಿ ಕೈಗೆ ಕೊಟ್ಟೆ. ಎಡಗೈ ಹೆಬ್ಬೆರಳಿನಿಂದ ಎಷ್ಟು ಚಂದ ಬಾರಿಸಿದರೆಂದರೆ ಕಾರಿಡಾರಿನಲ್ಲಿ ಹೋಗುತ್ತಿದ್ದವರು ದಾರಿ ಬಿಟ್ಟು ನಿಂತರು. “ಇದೇನು ಯಜಮಾನ್ರೇ?” ಎಂದೆ. ಅವರದೇ ವಾಕ್ಯವನ್ನು ಅರ್ಧ ಓದಿ ಸಹಾಯ ಮಾಡಿದೆ. ಬಾಯಿ ತೆರೆದರು, ತುಟಿ ನಡುಗಿತು, “ಇರಲಿ” ಬಂತು. ಬೆಲ್ಲನ್ನು ಮೇಜಿನ ಮೇಲಿಟ್ಟು ಕಿಟಕಿಯ ಕಡೆ ತಿರುಗಿದರು. ತಮ್ಮದೇ ಅಂಗಡಿಯ ಸಾಮಾನಿನ ಹೆಸರು ಬಾಯಿಗೆ ಬಾರದೆ ಹೋದ ಅವಮಾನ ಅವರ ಬೆನ್ನಿನಲ್ಲಿ ಕಾಣುತ್ತಿತ್ತು. ಆವತ್ತು ಇನ್ನೇನೂ ಕೇಳಲು ನನಗೆ ಮನಸ್ಸಾಗಲಿಲ್ಲ.

ಮಗಳ ಕಷ್ಟ ಬೇರೆ. ಮೊನ್ನೆ ಅವಳು, “ಅಪ್ಪ, ಇನ್ಮೇಲೆ ಬೆಳಗಿನ ಪಾಳಿ, ದಿನಾ ಸಂಜೆ ಬರ್ತೀನಿ” ಎಂದಳು. ಇವರು ಅವಳ ಮುಖ ನೋಡಿ “ಇರಲಿ” ಎಂದರು. ಅವಳು ಹೊರಗೆ ಬಂದು ಗೋಡೆಗೊರಗಿ ನಿಂತಳು. “ನೋಡಿದ್ರಲ್ಲ. ಬರೋದು ಬೇಡ ಬಿಡು ಅಂತಾರೆ. ನಾನು ತಾನೇ ಏನ್ ಮಾಡ್ಲಿ? ಮೊದ್ಲಿಂದಾನೂ ಹಾಗೇನೇ, ತಮ್ಮ ಬಾಗಿಲು ತಾವೇ ಹಾಕ್ಕೊಳ್ಳೋ ಮನುಷ್ಯ.” ಆ ಪದ ಬಿಕ್ಕಳಿಕೆಯಂತೆ, ಅದಕ್ಕೆ ಅರ್ಥ ಹಚ್ಚಬೇಡಿ ಎಂದು ನಾನು ಕಲಿತ ಪಾಠ ಒಪ್ಪಿಸಿದೆ. “ಅರ್ಥ ಇಲ್ಲದ್ದನ್ನ ಕೇಳೋಕೆ ಯಾಕೆ ಬರ್ಲಿ?” ಎಂದು ಕೇಳಿದಳು. ಆಮೇಲೆ ಅವಳು ಬಂದಿಲ್ಲ.

ಕೆಲವೊಮ್ಮೆ ನಿಮ್ಮಲ್ಲಿ ಕಾರ್ಡು ಬರೆಯುತ್ತಿದ್ದ ಕೆಲಸವೇ ಹಿತವಾಗಿತ್ತು ಅನ್ನಿಸುತ್ತದೆ. ಅಲ್ಲಿ ಕರೆದ ಪದ ಬರುತ್ತಿತ್ತು. ಆದರೂ ಇವರನ್ನು ಬಿಟ್ಟು ಏಳಲು ಮನಸ್ಸಿಲ್ಲ.

ನಿಮ್ಮ
ಪುಟ್ಟಕ್ಷರ


ಮಾರ್ಚ್ ೨೨

ಪ್ರಿಯ ಪುಟ್ಟಕ್ಷರಕ್ಕೆ,

ಎದೆಗುಂದಬೇಡ. ಕಾರ್ಡುಗಳು ಕೂಡಲೇ ಮಾತಾಡುವುದಿಲ್ಲ. ಇನ್ನೂ ತೂಕದ ಪದಗಳನ್ನು ಆರಿಸು. ಹೆಂಡತಿಯ ನೆನಪಿನವು, ಅಂಗಡಿ ಶುರುಮಾಡಿದ ದಿನದವು. ತಾಳ್ಮೆ ನಿನಗೆ ಹೇಳಿಕೊಡಬೇಕಾದ ಗುಣವಲ್ಲ.

‘ಕಾರ್ಡು ಬರೆಯುತ್ತಿದ್ದ ಕೆಲಸವೇ ಹಿತವಾಗಿತ್ತು’ ಎಂದು ಬರೆದಿದ್ದೀಯೆ. ಆ ಮಾತಿನ ಮೇಲೆ ನನ್ನ ಕಣ್ಣು ಬಹಳ ಹೊತ್ತು ನಿಂತಿತು. ಇಷ್ಟು ದಿನ ನಿನಗೆ ಹೇಳದೆ ಇದ್ದದ್ದನ್ನು ಈಗ ಹೇಳಬಹುದೇನೋ. ಕಿಟಕಿಯ ಪಕ್ಕದ ನಿನ್ನ ಕುರ್ಚಿಯಲ್ಲಿ ಯಾರನ್ನೂ ಕೂರಿಸಿಲ್ಲ. ಇವಳು ಅದರ ಮೇಲೆ ಹೊಲಿಗೆಯ ಬುಟ್ಟಿ ಇಟ್ಟಿದ್ದಳು; ನೆನ್ನೆ ತೆಗೆಸಿದೆ. ಮೊದಲ ಸಂಪುಟದ ಕರಡು ತಿದ್ದಿ ಮುಗಿಯುತ್ತ ಬಂದಿದೆ. ಎರಡನೆಯದಕ್ಕೆ ಚುರುಕಾದ ಕಣ್ಣು ಬೇಕು. ನನ್ನ ಕಣ್ಣಿಗೆ ಈಗ ‘ಹಣ’ವೂ ‘ಹಣೆ’ಯೂ ಒಂದೇ. ಏಪ್ರಿಲ್ ಕಳೆದ ಮೇಲೆ ನೀನು ಬರುವುದಾದರೆ ಮಹಡಿಯ ಕೋಣೆ ಖಾಲಿಯಿದೆ. ಸುಣ್ಣ ಹೊಡೆಸಲು ಹೇಳಿದ್ದೇನೆ.

ನಿನ್ನ ಮೇಷ್ಟ್ರು


ಏಪ್ರಿಲ್ ೧೦

ಪ್ರಿಯ ಪುಟ್ಟಕ್ಷರಕ್ಕೆ,

ಉತ್ತರ ಬರಲಿಲ್ಲ. ಅಂಚೆಯವನನ್ನು ದಿನವೂ ಗೇಟಿನಲ್ಲಿ ನಿಲ್ಲಿಸಿ ಕೇಳುತ್ತಿದ್ದೇನೆಂದು ಇವಳಿಗೆ ಸಿಟ್ಟು. “ಆ ಹುಡುಗಿ ಅಲ್ಲಿ ರೋಗಿಗಳ ಮಧ್ಯೆ ಒದ್ದಾಡ್ತಿದ್ರೆ ನೀವು ಸುಣ್ಣದ ಬಣ್ಣ ಆರಿಸ್ತಿದ್ದೀರಿ. ಅವಳು ಬರ್ತೀನಿ ಅಂದಿದ್ದೆಲ್ಲಿ?” ಎಂದಳು. ಹೇಳಿಲ್ಲ, ನಿಜ. ನಾನು ಅವಸರಪಟ್ಟಿದ್ದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಯಜಮಾನರು ಹೇಗಿದ್ದಾರೆ? ಮಗಳು ಬಂದಳೇ? ನೀನು ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ? ಕೊನೆಯ ಪ್ರಶ್ನೆ ಇವಳದು. ಬರೆಯದಿದ್ದರೆ ಕಾಗದವನ್ನು ಅಂಟಿಸಲು ಬಿಡುವುದಿಲ್ಲವಂತೆ.

ನಿನ್ನ ಮೇಷ್ಟ್ರು


ಏಪ್ರಿಲ್ ೧೬

ಪೂಜ್ಯ ಮೇಷ್ಟ್ರಿಗೆ,

ಈ ಕಾರ್ಡಿನಷ್ಟೇ ಬಿಡುವಿದೆ, ಕ್ಷಮಿಸಿ. ಎಲ್ಲರೂ ಕ್ಷೇಮ. ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೇನೆಂದು ಅಮ್ಮನವರಿಗೆ ತಿಳಿಸಿ.

ಒಂದು ಸಂದೇಹ. ಇಡೀ ವಾಕ್ಯವೇ ಒಂದು ಪದವಾಗಿದ್ದರೆ ನಮ್ಮ ಪದ್ಧತಿಯಲ್ಲಿ ಅದರ ಕಾರ್ಡನ್ನು ಹೇಗೆ ಬರೆಯಬೇಕು?

ಪುಟ್ಟಕ್ಷರ


ಏಪ್ರಿಲ್ ೨೧

ಪ್ರಿಯ ಪುಟ್ಟಕ್ಷರಕ್ಕೆ,

ಬರೆಯಬೇಕಾಗಿಯೇ ಇಲ್ಲ. ತಲೆಯಲ್ಲಿ ಒಂದು ಪದ, ಕೆಳಗೂ ಅದೇ ಪದ. ಅಂಥ ಕಾರ್ಡು ಯಾರಿಗೆ ಏನು ಹೇಳೀತು? ಅಂಥವನ್ನು ಬಿಡುವುದೇ ರೂಢಿ.

ನಿನ್ನ ಕಾಗದ ಕಾರ್ಡಿನಷ್ಟಕ್ಕೆ ಇಳಿದಿದೆ. ಇರಲಿ. ಏಪ್ರಿಲ್ ಮುಗಿಯುವ ಹೊತ್ತಿಗೆ ನಿನಗೊಂದು ಒಳ್ಳೆಯ ಸುದ್ದಿ ಸಿಗಲೆಂದು ಇಬ್ಬರೂ ಹಾರೈಸುತ್ತಿದ್ದೇವೆ.

ನಿನ್ನ ಮೇಷ್ಟ್ರು


ಮೇ ೬

ಪೂಜ್ಯ ಮೇಷ್ಟ್ರಿಗೆ ಮತ್ತು ಅಮ್ಮನವರಿಗೆ ನಮಸ್ಕಾರಗಳು.

ಇದನ್ನು ದಪ್ಪ ನಿಬ್ಬಿನಲ್ಲಿ ಬರೆಯುತ್ತಿದ್ದೇನೆ, ಇಬ್ಬರೂ ಆರಾಮವಾಗಿ ಓದಬೇಕೆಂದು. ಉತ್ತರ ಬರೆಯದೆ ಇದ್ದದ್ದಕ್ಕೆ ಬಿಡುವಿಲ್ಲದಿರುವುದು ಕಾರಣವಲ್ಲ. ನಾನು ನಿಮ್ಮ ನಿಯಮ ಮುರಿದಿದ್ದೆ. ಅದನ್ನು ನಿಮಗೆ ಹೇಗೆ ತಿಳಿಸಬೇಕೆಂದು ತೋಚದೆ ಕಾಲ ತಳ್ಳಿದೆ.

ಏಪ್ರಿಲ್ ಮೊದಲ ವಾರ, ಕಾರ್ಡುಗಳನ್ನೆಲ್ಲ ಬದಿಗಿಟ್ಟು ಯಜಮಾನರಿಗೆ ಅವರದೇ ಕಾಗದವೊಂದನ್ನು ಸುಮ್ಮನೆ ಓದತೊಡಗಿದೆ. ಕೇಳಿ ಖುಷಿಯಾಗಲಿ, ಪದ ಬರದಿದ್ದರೂ ಚಿಂತೆಯಿಲ್ಲ ಎಂದುಕೊಂಡು. ಅಂಗಡಿಯ ಮುಂದೆ ರಸ್ತೆ ಅಗೆದಿದ್ದಾರೆ, ಗಿರಾಕಿ ಬರೋದಕ್ಕೆ ದಾರಿ ಇಲ್ಲ ಎಂದೆಲ್ಲ ಬರೆದು, ‘ಇರಲಿ’ ಎಂದು ನಿಲ್ಲಿಸಿದ್ದರು. ಪೂರ್ಣವಿರಾಮವಿತ್ತು, ಉಸಿರು ತೆಗೆದುಕೊಳ್ಳಲು ನಾನೂ ನಿಲ್ಲಿಸಿದೆ. ಯಜಮಾನರು ಎಡಗೈ ಎತ್ತಿ, ಸಿಗ್ನಲ್ಲಿನಲ್ಲಿ ನಿಂತುಬಿಟ್ಟ ಗಾಡಿಯನ್ನು ಮುಂದೆ ಕಳಿಸುವವರ ಹಾಗೆ ಬೀಸಿದರು. ಮುಂದಿನ ಸಾಲು ಓದಿದೆ: ‘ನಿನ್ನ ಹಲ್ಲುನೋವು ಹೇಗಿದೆ?’ ಅವರು ಕಣ್ಣು ಮುಚ್ಚಿ ತಲೆಯಾಡಿಸಿದರು.

ಇನ್ನೊಂದು ಕಾಗದ ತೆಗೆದೆ. ‘ಮಂಡಿ ಬಗ್ಗೋದಿಲ್ಲ ಅಂತಿದೆ. ಇರಲಿ. ನಿನ್ನ ಕೊಠಡಿ ಕಿಟಕಿ ಸರಿ ಮಾಡಿಸಿದ್ರಾ?’ ಮತ್ತೊಂದು. ‘ಪಂಪು ಕೆಟ್ಟು ದಿನವೆಲ್ಲ ಸುಸ್ತು. ಇರಲಿ. ಊಟ ಆಯ್ತಾ ಹೊತ್ತಿಗೆ ಸರಿಯಾಗಿ?’ ಇನ್ನೊಂದು. ‘ನಿಮ್ಮಮ್ಮನ ಫೋಟೋಗೆ ಗಾಜು ಹಾಕಿಸಿದೆ. ಇರಲಿ. ಒಬ್ಬಳೇ ಮಲಗೋಕೆ ಹೆದರಿಕೆ ಆಗತ್ತಾ?’

ಮೇಷ್ಟ್ರೇ, ಆ ಪದ ನಮ್ಮ ಬಿಡತಕ್ಕವುಗಳ ಪಟ್ಟಿಯಲ್ಲಿತ್ತು. ಅದು ಬೇಕೆಂದಿದ್ದರೂ ಪೂರ್ಣವಿರಾಮದ ಲೆಕ್ಕದಲ್ಲಿ ಅದರ ಕಾರ್ಡು ಖಾಲಿ. ಹಿಂದಿಲ್ಲ, ಮುಂದಿಲ್ಲ, ಅದೊಂದೇ. ಈ ವಾರ್ಡಿನಲ್ಲಿ ಅದು ಹೇಗೆ ಕೇಳಿಸುತ್ತಿತ್ತೋ ಕಾರ್ಡಿನಲ್ಲೂ ಹಾಗೇ ಕಾಣುತ್ತಿತ್ತು. ನಾನು ಹೊಸ ಕಾರ್ಡು ತೆಗೆದು, ಹಿಂದಿನ ಒಂದು ವಾಕ್ಯ, ಮುಂದಿನ ಒಂದು ವಾಕ್ಯ ಸೇರಿಸಿ ಬರೆದೆ. ಮೇಜಿನ ಮೇಲೆ ಹರಡಿದೆ. ಹಿಂದಿನ ವಾಕ್ಯವೆಲ್ಲ ಅವರದು. ಮುಂದಿನದೆಲ್ಲ ಅವಳದು. ಒಂದು ಕಾಗದದಲ್ಲೂ ತಪ್ಪಿಲ್ಲ. ತಮ್ಮ ಕಷ್ಟವನ್ನು ಬದಿಗೆ ಸರಿಸಿ ಮಗಳ ಕಡೆ ತಿರುಗುವಾಗ ಮಾತ್ರ ಅವರು ಆ ಪದ ಬರೆಯುತ್ತಿದ್ದರು.

ನಿಮಗೆ ಸಂದೇಹವೆಂದು ಬರೆದಾಗ ಕಾರ್ಡುಗಳು ಆಗಲೇ ಮೇಜಿನ ಮೇಲಿದ್ದವು. ನೀವು ‘ಹಿಂದುಮುಂದು ಸೇರಿಸಿ ಬರೆ’ ಎಂದುಬಿಟ್ಟರೆ ನಿಯಮ ಮುರಿದಂತಾಗುವುದಿಲ್ಲ ಎಂಬ ಆಸೆಯಿತ್ತು.

ಆ ಕಾರ್ಡುಗಳನ್ನು ಹಿಡಿದು ಬಸ್ ನಿಲ್ದಾಣಕ್ಕೆ ಹೋದೆ. ಸರದಿಯಲ್ಲಿ ನಿಂತು, ನನ್ನ ಪಾಳಿ ಬಂದಾಗ ದುಡ್ಡಿನ ಬದಲು ಕಾರ್ಡುಗಳನ್ನು ಕಿಂಡಿಯೊಳಗೆ ತಳ್ಳಿದೆ. ಅವಳು ಒಂದು ಓದಿದಳು, ಇನ್ನೊಂದು ಓದಿದಳು. ಹಿಂದೆ ನಿಂತವರೊಬ್ಬರು, “ಏನಮ್ಮ, ಟಿಕೆಟ್ ಕೊಡ್ತೀಯೋ ಕತೆ ಓದ್ತೀಯೋ?” ಎಂದರು. ಅವಳು ಅವರಿಗೆ ಯಾವೂರಿನದೋ ಟಿಕೆಟ್ ಹರಿದು ಕೊಟ್ಟಳು. ಅವರು ಬೈಯುತ್ತ ವಾಪಸ್ ತಂದರು. ನನಗೆ ಅವಳು ಹೇಳಿದ್ದು ಇಷ್ಟೇ: “ಸಂಜೆ ಬರ್ತೀನಿ ಅನ್ನಿ.”

ಬಂದಳು. ಯಜಮಾನರು ಅವಳನ್ನು ನೋಡಿದರು. “ಇರಲಿ” ಎಂದರು.

ಅವಳು ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು. “ಹಲ್ಲುನೋವು ಹೋಯ್ತಪ್ಪ. ಆ ಹಲ್ಲನ್ನೇ ಕೀಳಿಸ್ಬಿಟ್ಟೆ.”

ಯಜಮಾನರು ಮೆಲ್ಲಗೆ, ಪರೀಕ್ಷೆ ಮಾಡುವವರ ಹಾಗೆ, “ಇರಲಿ” ಎಂದರು.

“ಕಿಟಕಿ ಸರಿ ಮಾಡಿಸಿದ್ರು. ಆಮೇಲೆ ನಾನೇ ಇನ್ನೊಂದು ಗಾಜು ಒಡೆದೆ. ನಿಂಗೆ ಹೇಳಿರ್ಲಿಲ್ಲ.”

ಅವರ ಭುಜ ಕುಲುಕಿತು. ನಗುತ್ತಿದ್ದರು. ಇಲ್ಲಿಗೆ ಬಂದ ಮೇಲೆ ಮೊದಲ ಸಲ. ಕಣ್ಣೊರೆಸಿಕೊಂಡು ಮತ್ತೆ “ಇರಲಿ” ಎಂದರು.

ಈ ಸಲ ಅವಳು ತಡೆದಳು. “ಹೆದರಿಕೆ ಆಗ್ತಿತ್ತಪ್ಪ. ಇಲ್ಲ ಅಂತ ಬರೆದಿದ್ದೆ, ನೀನು ಅಂಗಡಿ ಬಿಟ್ಟು ಓಡಿ ಬರ್ತೀಯ ಅಂತ. ದೀಪ ಹಾಕ್ಕೊಂಡೇ ಮಲಗ್ತಿದ್ದೆ.”

ಅವರು ಎಡಗೈ ಚಾಚಿ ಅವಳ ತಲೆಯ ಮೇಲಿಟ್ಟರು. ನಾನು ಕಿಟಕಿಯಿಂದ ಸೈಕಲ್ಲುಗಳನ್ನು ನೋಡುತ್ತ ನಿಂತೆ.

ಅಂದಿನಿಂದ ಅವಳು ದಿನವೂ ಬಂದು ಹಳೆಯ ಪ್ರಶ್ನೆಗಳಿಗೆಲ್ಲ ಉತ್ತರ ಕೊಡುತ್ತ ಹೋದಳು. ನರ್ಸಮ್ಮನೂ ಕಲಿತರು; “ಇರಲಿ” ಎಂದರೆ ಸಾಕು, “ಸೊಂಟ ಇವತ್ತು ಪರವಾಗಿಲ್ಲ ತಾತ, ಮನೆಯೋರದ್ದೇ ಕಿರಿಕಿರಿ” ಎಂದು ಶುರುಮಾಡುತ್ತಾರೆ. ಆದರೆ ಹೊಸ ಪದ ಬರಲಿಲ್ಲ. ತಿಂಗಳು ಕೊನೆಯಾಗುತ್ತಿತ್ತು. ನಾನು ಮೊದಲಕ್ಷರ ಹೇಳಿಕೊಟ್ಟೆ, ತುಟಿ ತೋರಿಸಿದೆ, ಕನ್ನಡಿ ಹಿಡಿದೆ. ಏನೂ ಆಗಲಿಲ್ಲ.

ತೀರ್ಮಾನಿಸಲು ಮುಖ್ಯಸ್ಥೆ ಬರುವ ಹಿಂದಿನ ಸಂಜೆ ಮಗಳು ಪಾಳಿ ಮುಗಿಸಿ ನೇರವಾಗಿ ವಾರ್ಡಿಗೆ ಬಂದಿದ್ದಳು, ಬಹಳ ದಣಿದಿದ್ದಳು. ಅವರು “ಇರಲಿ” ಎಂದರು. ಅವಳು ಉತ್ತರಿಸುವುದನ್ನೇ ಮರೆತು ಮಂಚದ ಅಂಚಿಗೆ ತಲೆಯಾನಿಸಿದಳು. ಅವರು ಕಾದರು. ಮತ್ತೆ “ಇರಲಿ” ಎಂದರು. ಅವಳು ಅಲುಗಲಿಲ್ಲ. ನಾನು ವಾರ್ಡಿನ ಮೇಜಿನ ಬಳಿ ಕುಳಿತು ಬರೆಯುತ್ತಿದ್ದೆ. ಅವರ ಉಸಿರು ಜೋರಾದದ್ದು ಕೇಳಿಸಿ ತಲೆಯೆತ್ತಿದೆ. ತುಟಿ ದುಂಡಗಾಗಿತ್ತು.

“ಊ... ಊಟ?”

“ಇನ್ನೂ ಇಲ್ಲಪ್ಪ” ಎಂದಳು, ತಲೆ ಎತ್ತದೆಯೇ. ಆಮೇಲೆ ಎತ್ತಿದಳು.

ಮರುದಿನ ಮುಖ್ಯಸ್ಥೆ ಬಂದು ಎದುರಿಗೆ ಕುಳಿತರು. ನಗುವುದನ್ನು ಯಾರೂ ಕಾಣದ ಹೆಂಗಸು. ಯಜಮಾನರು ಅವರನ್ನು ಚೆನ್ನಾಗಿ ದಿಟ್ಟಿಸಿ, “ಊಟ?” ಎಂದರು. “ಆಯ್ತು” ಎಂದವರು, ಬಾಯಿ ರೂಢಿಯಂತೆ “ನಿಮ್ದು?” ಎಂದುಬಿಟ್ಟರು. “ಇರಲಿ” ಎಂದು ಯಜಮಾನರು ಕೈಬೀಸಿದರು. ಮುಖ್ಯಸ್ಥೆ ಫೈಲಿನ ಹಿಂದೆ ಮುಖ ಮರೆಮಾಡಿಕೊಂಡರು. ವರ್ಷದ ಕೊನೆಯವರೆಗೆ ಯಜಮಾನರ ಸಮಯ ಯಜಮಾನರಿಗೇ ಉಳಿಯಿತು.

ನಿಮ್ಮ ಪದ್ಧತಿಯಿಂದಲೇ ಇಲ್ಲಿಯವರೆಗೆ ಬಂದೆ. ಕೊನೆಯಲ್ಲಿ ಅದನ್ನು ಮೀರಿದೆ. ಕೋಪ ಬಂದಿದ್ದರೆ ಬೈದು ಬರೆಯಿರಿ, ಬರೆಯದೆ ಮಾತ್ರ ಇರಬೇಡಿ.

ನಿಮ್ಮ
ಪುಟ್ಟಕ್ಷರ


ಮೇ ೧೭

ಪ್ರಿಯ ಪುಟ್ಟಕ್ಷರಕ್ಕೆ,

ಇವಳು ಓದಿದಳು. ‘ಇನ್ನೂ ಇಲ್ಲಪ್ಪ’ ಎಂಬಲ್ಲಿ ನಿಲ್ಲಿಸಿ ಒಳಗೆ ಹೋದಳು. ಉಳಿದದ್ದನ್ನು ನಾನೇ ಓದಿಕೊಂಡೆ. ದಪ್ಪ ನಿಬ್ಬಿಗೆ ನಮಸ್ಕಾರ.

ನನಗೆ ಕೋಪ ಬರುತ್ತದೆಂದು ನೀನು ಒಂದು ತಿಂಗಳು ಹೆದರಿ ಕುಳಿತೆಯಲ್ಲ, ಅದೊಂದಕ್ಕೆ ಬೇಸರವಾಯಿತು. ಮಗೂ, ಕಲಿಸಿದವನ ನಿಯಮವನ್ನು ಕಲಿತವರು ಸಕಾರಣವಾಗಿ ಮುರಿಯುವ ದಿನಕ್ಕಿಂತ ದೊಡ್ಡ ಸಂಬಳ ಮೇಷ್ಟ್ರಿಗೆ ಇನ್ನಾವುದಿದೆ?

ಅಂದೇ ಮರದ ಪೆಟ್ಟಿಗೆ ತೆರೆದು, ಮುಚ್ಚಳದ ಪಟ್ಟಿಯನ್ನು ಓದಿದೆ. ‘ಆಮೇಲೆ’ ಎಂಬುದನ್ನು ಆರಿಸಿಕೊಂಡು ನಮ್ಮ ಕವಿಯ ಕಾವ್ಯದಲ್ಲಿ ಅದು ಬಂದ ಕಡೆಯೆಲ್ಲ, ನಿನ್ನ ಕ್ರಮದಂತೆ ಹಿಂದುಮುಂದಿನ ಸಾಲುಗಳೊಂದಿಗೆ ಬರೆದೆ. ಅವನನ್ನು ದುಃಖದ ಕವಿಯೆಂದು ನಾನೇ ಎಷ್ಟು ವರ್ಷ ಪಾಠ ಹೇಳಿದ್ದೇನೆ. ಮೇಜಿನ ಮೇಲೆ ನೋಡಿದರೆ, ಪ್ರತಿ ‘ಆಮೇಲೆ’ಯ ಮುಂದಿನ ಸಾಲಿನಲ್ಲೂ ಯಾರೋ ಒಬ್ಬರು ಏಳುತ್ತಾರೆ. ತಾಯಿ ಏಳುತ್ತಾಳೆ, ದಾರಿಹೋಕ ಏಳುತ್ತಾನೆ, ಒಂದು ಕಡೆ ಕರು ಏಳುತ್ತದೆ.

ಅಚ್ಚಿನ ಮನೆಗೆ ಹೋಗಿ, ಮೊದಲ ಸಂಪುಟದ ಕೊನೆಗೆ ಸಣ್ಣ ಪದಗಳದೊಂದು ಭಾಗ ಸೇರಬೇಕು, ಅಲ್ಲಿಯವರೆಗೆ ನಿಲ್ಲಿಸಿ ಎಂದೆ. ಅಚ್ಚಿನ ಮನೆಯವರು, “ಮೇಷ್ಟ್ರೇ, ನಿಮ್ಮ ಪುಸ್ತಕ ಬರೋ ಹೊತ್ತಿಗೆ ನನ್ನ ಮಗ ರಿಟೈರ್ ಆಗಿರ್ತಾನೆ” ಎಂದರು. ಅವರ ಮಗ ಈಗ ಶಾಲೆಗೆ ಹೋಗುತ್ತಿದ್ದಾನೆ.

ಇನ್ನೊಂದು ವಿಷಯ. ನಿನ್ನ ಮಾರ್ಚ್ ತಿಂಗಳ ಕಾಗದವನ್ನು ಮತ್ತೆ ತೆಗೆದು ನೋಡಿದೆ. ‘ಕಾರ್ಡು ಬರೆಯುತ್ತಿದ್ದ ಕೆಲಸವೇ ಹಿತವಾಗಿತ್ತು’ ಎಂಬುದನ್ನು ಪೂರ್ಣವಿರಾಮದಿಂದ ಪೂರ್ಣವಿರಾಮಕ್ಕೆ ಹಿಡಿದು, ನಿನಗೆ ಕುರ್ಚಿ ಒರೆಸಿಟ್ಟಿದ್ದೆ. ಸ್ವಲ್ಪ ಮುಂದೆಯೇ ‘ಆದರೂ ಇವರನ್ನು ಬಿಟ್ಟು ಏಳಲು ಮನಸ್ಸಿಲ್ಲ’ ಎಂದಿದೆ. ಆಗ ನನ್ನ ಕಣ್ಣು ಅಲ್ಲಿಯವರೆಗೆ ಹೋಗಲೇ ಇಲ್ಲ.

ನೀನು ಬರಬೇಕಾಗಿಲ್ಲ. ನಿನ್ನ ಜಾಗ ಆ ಕಿಟಕಿಯ ಪಕ್ಕದಲ್ಲಿದೆ, ಸೈಕಲ್ಲುಗಳು ಕಾಣುವ ಕಡೆ. ಇಲ್ಲಿಯ ಕುರ್ಚಿಯಲ್ಲಿ ಈಗ ಇವಳು ಕುಳಿತಿದ್ದಾಳೆ. ಕಾರ್ಡು ಬರೆಯುತ್ತಾಳೆ. ಅಕ್ಷರ ಎಷ್ಟು ದೊಡ್ಡದೆಂದರೆ ಒಂದು ವಾಕ್ಯಕ್ಕೆ ಎರಡು ಕಾರ್ಡು ಬೇಕು. “ನನ್ನ ಮಾತಿಗೂ ಒಂದು ಕೋಶ ಮಾಡಿ. ‘ಕೇಳಿಸ್ತಾ?’ ಅನ್ನೋದೇ ಒಂದು ಸಂಪುಟ ಆಗತ್ತೆ” ಎನ್ನುತ್ತಾಳೆ. ಅದರ ಮುಂದಿನ ಸಾಲು ಏನಿರುತ್ತಿತ್ತೆಂದು ಕೇಳಿದೆ. “ನೀವು ಯಾವತ್ತಾದ್ರೂ ಕೇಳಿಸಿಕೊಂಡಿದ್ರೆ ತಾನೇ ಮುಂದಿನ ಸಾಲು” ಎಂದಳು. ಈಗ ಕೇಳಿಸಿಕೊಳ್ಳುತ್ತಿದ್ದೇನೆ.

ಮಹಡಿಯ ಕೋಣೆಗೆ ಸುಣ್ಣವಾಗಿದೆ. ರಜೆಯಲ್ಲಿ ಬಂದು ಮಲಗಿ ಹೋಗು.

ನಿನ್ನ ಮೇಷ್ಟ್ರು


ಜೂನ್ ೨೮

ಪೂಜ್ಯ ಮೇಷ್ಟ್ರಿಗೆ,

ನಿಮ್ಮ ಕಾಗದವನ್ನು, ಕಣ್ಣಿಗೆ ‘ಹಣ’ವೂ ‘ಹಣೆ’ಯೂ ಒಂದೇ ಎಂದಿದ್ದ ಹಳೆಯದನ್ನೂ, ಯಜಮಾನರಿಗೂ ಮಗಳಿಗೂ ಓದಿ ಹೇಳಿದೆ. ಕರು ಏಳುವಲ್ಲಿ ಯಜಮಾನರು ಬೆಲ್ಲು ಬಾರಿಸಿದರು. ಈಗ ‘ಊಟ’, ‘ಹೇಗೆ’, ‘ಹಲ್ಲು’, ‘ಮಳೆ’ ಬಂದಿವೆ. ನೆನ್ನೆ ಮಗಳನ್ನು ಅವಳ ಮನೆಯ ಹೆಸರಿನಿಂದ ಕರೆದರು. ಅದನ್ನು ಇಲ್ಲಿ ಬರೆಯುವುದಿಲ್ಲ, ಅದು ಅವರಿಬ್ಬರದು.

ರಜೆ ಸಿಕ್ಕಿದೆ. ಆಗಸ್ಟಿನಲ್ಲಿ ಬರುತ್ತೇನೆ, ಮತ್ತೆ ಇಲ್ಲಿಗೆ ಹಿಂದಿರುಗಲು.

ಜೊತೆಯಲ್ಲಿರುವ ಹಾಳೆ ಯಜಮಾನರದು. ಎಡಗೈಯಲ್ಲಿ, ಒಂದು ಇಡೀ ಬೆಳಗ್ಗೆ ಕುಳಿತು ಬರೆದರು. ನಾನಾಗಲಿ ಮಗಳಾಗಲಿ ಒಂದಕ್ಷರವನ್ನೂ ಹೇಳಿಕೊಟ್ಟಿಲ್ಲ.

ನಿಮ್ಮ
ಪುಟ್ಟಕ್ಷರ

*

ಮೇಷ್ಟ್ರಿಗೆ

ಕೈ ಎಡ

ಇರಲಿ

ಕಣ್ಣು ಹೇಗೆ


ಜುಲೈ ೫

ಪ್ರಿಯ ಯಜಮಾನರಿಗೆ ನಮಸ್ಕಾರಗಳು.

ತಮ್ಮ ಕಾಗದ ತಲುಪಿತು. ಇದುವರೆಗೆ ಯಾರೂ ನನ್ನ ಕಣ್ಣನ್ನು ವಿಚಾರಿಸಿರಲಿಲ್ಲ. ಕಾರಣ, ನಾನು ಯಾರಿಗೂ ಸರಿಯಾಗಿ ಹೇಳಿಕೊಂಡಿರಲಿಲ್ಲ. ಎಡಗಣ್ಣಿಗೆ ಬಹಳ ಮಂಜು. ಶಸ್ತ್ರಚಿಕಿತ್ಸೆ ಆಗಬೇಕೆಂದಿದ್ದಾರೆ, ನಾನು ಪುಸ್ತಕದ ನೆಪ ಹೇಳಿ ಮುಂದಕ್ಕೆ ಹಾಕುತ್ತಿದ್ದೆ. ತಮ್ಮ ಕಾಗದ ಓದಿದ ಮೇಲೆ ಇವಳು ದಿನ ಗೊತ್ತುಮಾಡಿಸಿ ಬಂದಿದ್ದಾಳೆ.

ಇರಲಿ.

ಊಟ ಆಯಿತೇ? ಮಗಳು ಇವತ್ತು ಬಂದಿದ್ದಳೇ?